ಕರುಳಿನ ಕ್ಯಾನ್ಸರ್ ತಪಾಸಣೆ: ಗ್ವಾಯಾಕ್, ಫಿಟ್, ಕೊಲೊನೋಸ್ಕೋಪಿಗಳಲ್ಲಿ ನನ್ನ ಆಯ್ಕೆ ಫಿಟ್

ಅರವತ್ತು ದಾಟಿದವರು ದೊಡ್ಡ ಕರುಳಿನ ಕ್ಯಾನ್ಸರಿಗೆ ಮುಂಚಿತವಾಗಿ ತಪಾಸಣೆ ಮಾಡಿಸಿಕೊಳ್ಳಲು ಹೊರಟರೆ ನಮ್ಮ ಊರುಗಳಲ್ಲಿ ಸಾಮಾನ್ಯವಾಗಿ ಮೂರು ದಾರಿಗಳು ಸಿಗುತ್ತವೆ. ಹೆಲ್ತ್ ಚೆಕಪ್ ಪ್ಯಾಕೇಜಿನೊಳಗೆ ಸೇರಿಕೊಂಡು ಬರುವ ಮಲದಲ್ಲಿ ಕಣ್ಣಿಗೆ ಕಾಣದ ರಕ್ತವನ್ನು ಹುಡುಕುವ ಹಳೆಯ ಗ್ವಾಯಾಕ್ ಪರೀಕ್ಷೆ ಒಂದು, ಬೇರೆಯಾಗಿ ಕೇಳಿ ಮಾಡಿಸಬೇಕಾದ ಅಂಥ ರಕ್ತವನ್ನೇ ಹುಡುಕುವ ಫಿಟ್ (FIT) ಎಂಬ ಮಲಪರೀಕ್ಷೆ ಇನ್ನೊಂದು, ಗುದದ್ವಾರದಿಂದ ಕ್ಯಾಮೆರಾ ಇರುವ ಕೊಳವೆ ಹಾಕಿ ಕರುಳನ್ನು ನೇರವಾಗಿ ನೋಡುವ ಕೊಲೊನೋಸ್ಕೋಪಿ ಮೂರನೆಯದು. ಮೈಸೂರಿನ ನಮ್ಮ ಮನೆಯಲ್ಲಿ ನಾನೂ ನಮ್ಮ ಯಜಮಾನರೂ ಸೇರಿ ಈ ಮೂರನ್ನೂ ಕಂಡಿದ್ದೇವೆ; ನನ್ನ ಒಲವು ಫಿಟ್ ಕಡೆಗೆ. ಆದರೆ ಮುಂದೆ ಹೇಳುವುದೆಲ್ಲ ಯಾವ ಲಕ್ಷಣವೂ ಇಲ್ಲದವರಿಗೆ ಮಾತ್ರ. ಮಲದಲ್ಲಿ ರಕ್ತ ಕಾಣುತ್ತಿದ್ದರೆ, ಮಲವಿಸರ್ಜನೆಯ ಕ್ರಮ ವಾರಗಟ್ಟಲೆ ಬದಲಾಗಿದ್ದರೆ, ಕಾರಣವಿಲ್ಲದೆ ತೂಕವೋ ಹಿಮೋಗ್ಲೋಬಿನ್ನೋ ಇಳಿಯುತ್ತಿದ್ದರೆ, ‘ಮೂಲವ್ಯಾಧಿ ಇರಬೇಕು’ ಎಂದು ಸುಮ್ಮನಾಗದೆ ವೈದ್ಯರನ್ನೇ ಕಾಣಬೇಕು. ಹೆತ್ತವರಿಗೋ ಒಡಹುಟ್ಟಿದವರಿಗೋ ಈ ಕ್ಯಾನ್ಸರ್ ಬಂದಿದ್ದರೂ ಲೆಕ್ಕಾಚಾರ ಬೇರೆ.

ನಮ್ಮ ದೇಶದ ಸರ್ಕಾರಿ ಕ್ಯಾನ್ಸರ್ ತಪಾಸಣೆ ಬಾಯಿ, ಸ್ತನ ಮತ್ತು ಗರ್ಭಕೊರಳಿಗೆ ಸೀಮಿತವಾಗಿದೆ. ಇಂಗ್ಲೆಂಡಿನಲ್ಲಿರುವ ನನ್ನ ತಮ್ಮನಿಗೆ ಎರಡು ವರ್ಷಕ್ಕೊಮ್ಮೆ ಫಿಟ್ ಕಿಟ್ ಅಂಚೆಯಲ್ಲಿ ಉಚಿತವಾಗಿ ಮನೆಗೇ ಬರುತ್ತದೆ. ಇಲ್ಲಿ ಪರೀಕ್ಷೆಯನ್ನು ಆರಿಸುವುದೂ ಹಣ ಕಟ್ಟುವುದೂ ರಿಪೋರ್ಟನ್ನು ಅರ್ಥಮಾಡಿಕೊಳ್ಳುವುದೂ ನಮ್ಮ ಪಾಲಿಗೇ ಬರುತ್ತದೆ.

ನಮಗೆ ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಟ್ಟದ್ದು ಒಂದೇ ಒಂದು ಸಾಲು. ಯಜಮಾನರ ಪ್ಯಾಕೇಜಿನ ರಿಪೋರ್ಟಿನಲ್ಲಿ, ಸಕ್ಕರೆ, ಕೊಲೆಸ್ಟ್ರಾಲ್ ಅಂಕಿಗಳೆಲ್ಲ ಮುಗಿದ ಮೇಲೆ, ‘ಸ್ಟೂಲ್ ಆಕಲ್ಟ್ ಬ್ಲಡ್: ಪಾಸಿಟಿವ್’, ಅಂದರೆ ಮಲದಲ್ಲಿ ಕಣ್ಣಿಗೆ ಕಾಣದ ರಕ್ತವಿದೆ ಎಂದಷ್ಟೇ ಇತ್ತು. ಯಾವ ವಿಧಾನದಿಂದ ನೋಡಿದರು, ಎಷ್ಟು ರಕ್ತ ಕಂಡಿತು, ಮುಂದೇನು ಮಾಡಬೇಕು ಎಂಬುದರ ಸುಳಿವೇ ಇರಲಿಲ್ಲ. ಲ್ಯಾಬಿಗೆ ಮತ್ತೆ ಮತ್ತೆ ಫೋನ್ ಮಾಡಿ ವಿಚಾರಿಸಿದ ಮೇಲೆ ಅದು ಗ್ವಾಯಾಕ್ ಎಂದು ತಿಳಿಯಿತು.

ಈ ವಿವರ ಏಕೆ ಮುಖ್ಯವೆಂದರೆ, ಗ್ವಾಯಾಕ್ ಪರೀಕ್ಷೆಯಲ್ಲಿ ಕಾಗದದ ಮೇಲೆ ಸವರಿದ ಮಲಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಹನಿ ಹಾಕಿ, ಬಣ್ಣ ನೀಲಿಗೆ ತಿರುಗಿದರೆ ರಕ್ತವಿದೆ ಎನ್ನುತ್ತಾರೆ. ಆ ನೀಲಿಗೆ ಮನುಷ್ಯನ ರಕ್ತವೇ ಆಗಬೇಕೆಂದಿಲ್ಲ. ಹಿಂದಿನ ದಿನ ತಿಂದ ಮಟನ್, ಹಸಿ ಮೂಲಂಗಿಯಂಥ ತರಕಾರಿಗಳೂ ಸಾಕು. ಹೊಟ್ಟೆಯ ಹುಣ್ಣಿನಿಂದ ಒಸರಿದ ರಕ್ತಕ್ಕೂ ಅದು ನೀಲಿಯಾಗಬಹುದು. ವಿಟಮಿನ್ ಸಿ ಮಾತ್ರೆ ನುಂಗುತ್ತಿದ್ದರೆ ಇದ್ದ ರಕ್ತವೂ ಮರೆಯಾಗಬಹುದು. ಆದ್ದರಿಂದಲೇ ಮೂರು ದಿನ ಪಥ್ಯವಿದ್ದು, ಬೇರೆ ಬೇರೆ ಮೂರು ಬಾರಿಯ ಮಲದಿಂದ ಮಾದರಿ ಕೊಡಬೇಕೆಂಬುದು ಅದರ ಕ್ರಮ. ನಮಗೆ ಹೇಳಿದ್ದು ಸಕ್ಕರೆ ಪರೀಕ್ಷೆಗಾಗಿ ರಾತ್ರಿ ಉಪವಾಸವಿರಬೇಕೆಂಬ ಮಾತು ಮಾತ್ರ. ತೆಗೆದುಕೊಂಡದ್ದು ಒಂದೇ ಡಬ್ಬಿಯ ಮಾದರಿ. ಅದರ ಹಿಂದಿನ ದಿನ ಮನೆಯಲ್ಲಿ ಮಾಡಿದ್ದು ಮೂಲಂಗಿ ಕೋಸಂಬರಿ.

ಇಷ್ಟಕ್ಕೆ ಕೌಂಟರಿನಲ್ಲಿದ್ದವರು ಕೊಟ್ಟ ಸಲಹೆ, ‘ಇನ್ನೊಮ್ಮೆ ಮಾಡಿಸಿ ಸಾರ್, ನೆಗೆಟಿವ್ ಬಂದರೆ ಬಿಟ್ಟುಬಿಡಿ’ ಎಂಬುದು. ಇದನ್ನು ಯಾರೂ ಒಪ್ಪಬಾರದು. ಕರುಳಿನ ಗಂಟುಗಳು ದಿನವೂ ಒಸರುವುದಿಲ್ಲ, ಇವತ್ತು ಒಸರಿ ನಾಳೆ ನಿಲ್ಲಬಹುದು. ಹಾಗಾಗಿ ಎರಡನೆಯ ನೆಗೆಟಿವ್ ಮೊದಲನೆಯ ಪಾಸಿಟಿವನ್ನು ಅಳಿಸಿಹಾಕುವುದಿಲ್ಲ. ಮಲಪರೀಕ್ಷೆ ಪಾಸಿಟಿವ್ ಬಂದಮೇಲೆ ಮುಂದಿನ ಹೆಜ್ಜೆ ಕೊಲೊನೋಸ್ಕೋಪಿಯೇ ಎಂದು ನಮ್ಮ ವೈದ್ಯರು ಖಚಿತವಾಗಿ ಹೇಳಿದರು, ನಾವು ಹಾಗೆಯೇ ಮಾಡಿದೆವು.

ಕೊಲೊನೋಸ್ಕೋಪಿಯಲ್ಲಿ ಕಷ್ಟವೆಲ್ಲ ಹಿಂದಿನ ದಿನದ್ದು. ರಾಗಿ, ಸೊಪ್ಪು, ಎಳ್ಳು, ಬೀಜವಿರುವ ಹಣ್ಣುಗಳನ್ನು ಮೊದಲೇ ಬಿಟ್ಟು, ಎರಡು ಲೀಟರ್ ನೀರಿಗೆ ಕಲಸಿದ ಭೇದಿಯ ಪುಡಿಯನ್ನು ಅರ್ಧ ಸಂಜೆ, ಇನ್ನರ್ಧ ಬೆಳಗಿನ ಜಾವ ಕುಡಿಯಬೇಕು. ಎಪ್ಪತ್ತರ ಹತ್ತಿರದವರಿಗೆ ರಾತ್ರಿಯೆಲ್ಲ ಎದ್ದು ಓಡಾಡುವಾಗ ಜಾರಿ ಬೀಳುವ ಭಯವೂ ಇರುವುದರಿಂದ ಜೊತೆಗೆ ಒಬ್ಬರು ಇರಲೇಬೇಕು. ಅಮೆರಿಕದ ತಪಾಸಣಾ ಮಾರ್ಗಸೂಚಿಗಾಗಿ ಮಾಡಿದ ಅವಲೋಕನದ ಪ್ರಕಾರ ಕರುಳಿಗೆ ತೂತಾಗುವ ಸಂಭವ 10,000 ಪರೀಕ್ಷೆಗಳಲ್ಲಿ ಸುಮಾರು 3, ಗಂಭೀರ ರಕ್ತಸ್ರಾವದ ಸಂಭವ ಸುಮಾರು 15. ವಯಸ್ಸಾದಂತೆ ಅದು ಏರುತ್ತದೆ. ಆದರೆ ಗಂಟನ್ನು ನೋಡಿ ಅಲ್ಲೇ ಕತ್ತರಿಸಿ ತೆಗೆಯುವ ಶಕ್ತಿ ಇರುವುದು ಈ ಪರೀಕ್ಷೆಗೆ ಮಾತ್ರ.

ಯಜಮಾನರಲ್ಲಿ ಪಾಲಿಪ್ ಎನ್ನುವ ಇಂಥ ಎರಡು ಗಂಟು ಸಿಕ್ಕವು, ಎರಡೂ ಅರ್ಧ ಸೆಂಟಿಮೀಟರಿಗಿಂತ ಚಿಕ್ಕವು. ಬಯಾಪ್ಸಿಯಲ್ಲಿ ‘ಟ್ಯೂಬ್ಯುಲರ್ ಅಡಿನೋಮಾ, ಲೋ ಗ್ರೇಡ್ ಡಿಸ್‌ಪ್ಲೇಸಿಯಾ’ ಎಂದು ಬಂತು. ಓದಿದಾಗ ಎದೆ ಝಲ್ಲೆಂದಿತು. ಆದರೆ ಇದು ಕ್ಯಾನ್ಸರ್ ಅಲ್ಲ, ಬಿಟ್ಟರೆ ಎಷ್ಟೋ ವರ್ಷಗಳ ಮೇಲೆ ಕೆಲವರಲ್ಲಿ ಮಾತ್ರ ಕ್ಯಾನ್ಸರ್ ಆಗಬಹುದಾದ ಬೆಳವಣಿಗೆ. ಇಷ್ಟು ಚಿಕ್ಕವು ಸಾಮಾನ್ಯವಾಗಿ ರಕ್ತ ಒಸರುವುದಿಲ್ಲವೆಂದೂ ವೈದ್ಯರು ಹೇಳಿದರು. ಇಂಥ ಒಂದೆರಡು ಚಿಕ್ಕ ಅಡಿನೋಮಾ ಇದ್ದವರಿಗೆ ಮುಂದಿನ ಕೊಲೊನೋಸ್ಕೋಪಿ 7ರಿಂದ 10 ವರ್ಷಗಳ ಮೇಲೆ ಎಂಬುದು ಅಮೆರಿಕದ ತಜ್ಞರ 2020ರ ಸೂಚನೆ. ಗಂಟು 10 ಮಿಲಿಮೀಟರ್ ಅಥವಾ ಹೆಚ್ಚಿದ್ದರೆ 3 ವರ್ಷಕ್ಕೇ ಹೋಗಬೇಕು. ರಿಪೋರ್ಟಿನಲ್ಲಿ ಇನ್ನೆರಡನ್ನು ಹುಡುಕಿ ಓದಿ: ಉಪಕರಣ ‘ಸೀಕಮ್’ ಎಂಬ ದೊಡ್ಡ ಕರುಳಿನ ಕೊನೆಯ ತನಕ ಮುಟ್ಟಿತೇ, ಮತ್ತು ಕರುಳು ಸ್ವಚ್ಛವಾಗಿತ್ತೇ. ಸ್ವಚ್ಛತೆಗೆ ಬೋಸ್ಟನ್ ಅಂಕ 9ಕ್ಕೆ ಎಷ್ಟೆಂದು ಬರೆದಿರುತ್ತಾರೆ. ಕರುಳಿನ ಮೂರು ಭಾಗಗಳಲ್ಲಿ ಪ್ರತಿಯೊಂದಕ್ಕೂ ಕನಿಷ್ಠ 2 ಅಂಕ ಇರಬೇಕು.

ನಾನು ಮಾಡಿಸಿದ್ದು ಫಿಟ್. ಇದು ಮನುಷ್ಯರ ಹಿಮೋಗ್ಲೋಬಿನ್ನನ್ನು ಮಾತ್ರ ಪ್ರತಿಕಾಯಗಳಿಂದ ಗುರುತಿಸುವುದರಿಂದ ಪಥ್ಯ ಬೇಕಿಲ್ಲ, ಒಂದೇ ಮಾದರಿ ಸಾಕು. ನೀರು ತಾಗದಂತೆ ಹಿಡಿದ ಮಲದ ಮೇಲೆ ಗೀರುಗಳಿರುವ ಸಣ್ಣ ಕಡ್ಡಿಯನ್ನು ನಾಲ್ಕಾರು ಕಡೆ ಗೀಚಿ, ಗೀರುಗಳು ತುಂಬುವಷ್ಟೇ ತೆಗೆದು, ದ್ರವವಿರುವ ಬಾಟಲಿಗೆ ಒತ್ತಿ ಮುಚ್ಚಿದರೆ ಕೆಲಸ ಮುಗಿಯಿತು. ಸೆಕೆಗೆ ಮಾದರಿಯೊಳಗಿನ ಹಿಮೋಗ್ಲೋಬಿನ್ ಕೆಡುತ್ತದೆ, ಕೆಟ್ಟರೆ ಸುಳ್ಳು ನೆಗೆಟಿವ್ ಬರಬಹುದು. ಹಾಗಾಗಿ ಬಡಾವಣೆಯ ಸಂಗ್ರಹ ಕೇಂದ್ರಕ್ಕೆ ಕೊಡದೆ ಬೆಳಿಗ್ಗೆಯೇ ಮುಖ್ಯ ಲ್ಯಾಬಿಗೆ ತಲುಪಿಸಿದೆ.

ಫಿಟ್ ರಿಪೋರ್ಟಿನಲ್ಲಿ ಅಂಕಿ ಇರುತ್ತದೆ, ಆದರೆ ಅದರ ಅಳತೆ ಗಮನಿಸಬೇಕು. ಕೆಲವರು ಮಿಲಿಲೀಟರಿಗೆ ನ್ಯಾನೋಗ್ರಾಂ ಎಂದೂ ಕೆಲವರು ಗ್ರಾಂ ಮಲಕ್ಕೆ ಮೈಕ್ರೋಗ್ರಾಂ ಎಂದೂ ಬರೆಯುತ್ತಾರೆ. ಹೆಚ್ಚು ಬಳಕೆಯ ಒಂದು ಯಂತ್ರದಲ್ಲಿ ಮೊದಲನೆಯದರ 100 ಎಂದರೆ ಎರಡನೆಯದರ 20. ಮಿತಿಯೂ ದೇಶಕ್ಕೊಂದು ಬಗೆ. ಅಮೆರಿಕದಲ್ಲಿ ಸಾಮಾನ್ಯವಾಗಿ 20 ಮೈಕ್ರೋಗ್ರಾಂ ದಾಟಿದರೆ ಪಾಸಿಟಿವ್; ಇಂಗ್ಲೆಂಡ್ 2019ರಲ್ಲಿ ಫಿಟ್ ಆರಂಭಿಸಿದಾಗ ಮಿತಿಯನ್ನು 120ಕ್ಕೆ ಇಟ್ಟಿತ್ತು. ಆದ್ದರಿಂದ ತಮ್ಮನ ಪತ್ರದಲ್ಲಿದ್ದ ‘ಸದ್ಯಕ್ಕೆ ಹೆಚ್ಚಿನ ಪರೀಕ್ಷೆ ಬೇಡ’ ಎಂಬ ಮಾತಿಗೂ ನನ್ನ ‘ನೆಗೆಟಿವ್’ಗೂ ರಕ್ತವೇ ಇಲ್ಲವೆಂಬ ಅರ್ಥವಿಲ್ಲ, ಮಿತಿಯ ಕೆಳಗಿದೆ ಎಂದಷ್ಟೇ ಅರ್ಥ. ಒಂದು ಬಾರಿಯ ಫಿಟ್ ನೂರು ಕ್ಯಾನ್ಸರುಗಳಲ್ಲಿ ಸುಮಾರು ಎಂಬತ್ತನ್ನು ಹಿಡಿಯುತ್ತದೆ, ಗಂಟುಗಳನ್ನು ಹಿಡಿಯುವುದು ಇನ್ನೂ ಕಡಿಮೆ. ಅದರ ಬಲವಿರುವುದು ತಪ್ಪದೆ ಮತ್ತೆ ಮಾಡಿಸುವುದರಲ್ಲಿ. ಸ್ಪೇನಿನ ಕೊಲೊನ್‌ಪ್ರೆವ್ ಅಧ್ಯಯನದಲ್ಲಿ ಎರಡು ವರ್ಷಕ್ಕೊಮ್ಮೆ ಫಿಟ್‌ಗೆ ಕರೆದವರಲ್ಲಿಯೂ ಒಮ್ಮೆ ಕೊಲೊನೋಸ್ಕೋಪಿಗೆ ಕರೆದವರಲ್ಲಿಯೂ ಈ ಕ್ಯಾನ್ಸರಿನಿಂದಾದ ಹತ್ತು ವರ್ಷಗಳ ಸಾವಿನ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿತ್ತು.

ಪ್ಯಾಕೇಜುಗಳಲ್ಲಿ ಸೇರಿಸುವ ಸಿಇಎ ರಕ್ತಪರೀಕ್ಷೆ ಈ ತಪಾಸಣೆಗೆ ಆಗಿಬರುವುದಿಲ್ಲ.

ಪಿಂಚಣಿಯಲ್ಲಿ ನಡೆಯುವ ಮನೆಗೆ ಫಿಟ್ ವರ್ಷಕ್ಕೊಮ್ಮೆ ಭರಿಸಬಹುದಾದ ಖರ್ಚು; ಕೊಲೊನೋಸ್ಕೋಪಿಗೆ ನಾವು ಕೊಟ್ಟದ್ದು ಅದರ ಎಷ್ಟೋ ಪಟ್ಟು, ಆದರೂ ಅಗತ್ಯ ಬಿದ್ದಾಗ ಬೇಕೆಂದು ಆ ಹಣ ಎತ್ತಿಟ್ಟಿದ್ದೇನೆ. ಯಜಮಾನರಿಗೆ ಅವರ ಮುಂದಿನ ಕೊಲೊನೋಸ್ಕೋಪಿಯ ತನಕ ಮಲಪರೀಕ್ಷೆ ಬೇಕಿಲ್ಲವೆಂದು ವೈದ್ಯರು ಹೇಳಿದ್ದಾರೆ. ಎಪ್ಪತ್ತೊಂಬತ್ತರ ನಮ್ಮ ಅಕ್ಕನಿಗೆ ಹೃದಯದಲ್ಲಿ ಸ್ಟೆಂಟ್ ಇದೆ, ರಕ್ತ ತೆಳುಮಾಡುವ ಮಾತ್ರೆ ನಡೆಯುತ್ತಿದೆ. 76ರಿಂದ 85 ವಯಸ್ಸಿನವರೆಗೆ ಆಯಾ ವ್ಯಕ್ತಿಯ ಆರೋಗ್ಯ ನೋಡಿ ತೀರ್ಮಾನಿಸಬೇಕೆಂಬ ಅಮೆರಿಕದ ಸೂಚನೆಯಂತೆ ಅವರೂ ಅವರ ವೈದ್ಯರೂ ಕೂತು ಮಾತಾಡಿ ತಪಾಸಣೆ ಬೇಡವೆಂದುಕೊಂಡರು. ನನ್ನ ಫಿಟ್ ಮಾತ್ರ ಪ್ರತಿವರ್ಷ ಜನವರಿಯಲ್ಲಿ, ಬಿಸಿಲು ಏರುವ ಮೊದಲು, ಅದೇ ಲ್ಯಾಬಿನಲ್ಲಿ.