ಪೈ ಝೀರೋ 2 ಡಬ್ಲ್ಯೂ ಜೊತೆ ಪಿಸಿಎಂ5102ಎ ಡ್ಯಾಕ್: ಮ್ಯೂಸಿಕ್ ಪ್ಲೇಯರ್ ಮಾಡ್ಕೊಳ್ಳೋಕೆ ಸಾಕಾಗುತ್ತಾ?

ಸಾಕು, ಧಾರಾಳವಾಗಿ ಸಾಕು. ಹಾಡು ಕೇಳೋಕೂ ದೊಡ್ಡ ಬೋರ್ಡೇ ಬೇಕು ಅಂದ್ಕೊಂಡು ಸುಮಾರು ಜನ ಸೀದಾ ರಾಸ್ಪ್‌ಬೆರಿ ಪೈ 5ಗೆ ಹೋಗ್ತಾರೆ, ಆದ್ರೆ ಅದ್ರಲ್ಲೂ ಹೆಡ್‌ಫೋನ್ ಜ್ಯಾಕ್ ಇಲ್ಲ, ಝೀರೋದಲ್ಲೂ ಇಲ್ಲ, ಎರಡಕ್ಕೂ ಹೊರಗಿಂದ ಒಂದು ಡ್ಯಾಕ್, ಅಂದ್ರೆ ಡಿಜಿಟಲ್ ಹಾಡನ್ನ ಅನಲಾಗ್ ಸಿಗ್ನಲ್ ಮಾಡೋ ಚಿಪ್ಪು, ಹಾಕ್ಲೇಬೇಕು. 2021ರಲ್ಲಿ ಬಂದ ಝೀರೋ 2 ಡಬ್ಲ್ಯೂ ಅನ್ನೋ ಈ ಪುಟಾಣಿ ಕಂಪ್ಯೂಟರ್ ಬೋರ್ಡಲ್ಲಿ 1 ಗಿಗಾಹರ್ಟ್ಸ್‌ನ ನಾಲ್ಕು ಕೋರು, 512 ಎಂಬಿ ರ‍್ಯಾಮ್ ಇದೆ, ಫ್ಲಾಕ್ ಫೈಲ್ (ಕ್ವಾಲಿಟಿ ಕಳ್ಕೊಳ್ಳದ ಹಾಡಿನ ಫೈಲ್) ಡಿಕೋಡ್ ಮಾಡೋದು ಇದಕ್ಕೆ ಲೆಕ್ಕಕ್ಕೇ ಇಲ್ಲ. ಫ್ಯಾನೂ ಬೇಡ, ಹಾಡಿನ ಮಧ್ಯೆ ನಿಶ್ಶಬ್ದ ಬಂದಾಗ ನಿಜವಾಗ್ಲೂ ನಿಶ್ಶಬ್ದವಾಗೇ ಇರುತ್ತೆ, ನಂಗೆ ತುಂಬಾ ಇಷ್ಟ ಆಗಿದ್ದು ಅದೇ.

ವೈರಿಂಗ್ ಸುಲಭ. 5 ವೋಲ್ಟ್, ಗ್ರೌಂಡ್, ಆಮೇಲೆ ಐ2ಎಸ್‌ನ (ಚಿಪ್‌ಗಳ ಮಧ್ಯೆ ಡಿಜಿಟಲ್ ಸೌಂಡ್ ಸಾಗಿಸೋ ದಾರಿ) ಮೂರು ವೈರು: ಬಿಟ್ ಕ್ಲಾಕ್ 12ನೇ ಪಿನ್‌ಗೆ, ಎಡ-ಬಲ ಕ್ಲಾಕ್ 35ಕ್ಕೆ, ಡೇಟಾ 40ಕ್ಕೆ. ಪೈನ ಕಾನ್ಫಿಗ್ ಫೈಲಲ್ಲಿ ಹೈಫೈಬೆರಿ ಡ್ಯಾಕ್‌ನ ಓವರ್‌ಲೇ ಸಾಲು (ಯಾವ ಥರದ ಡ್ಯಾಕ್ ಹಾಕಿದೀವಿ ಅಂತ ಪೈಗೆ ಹೇಳೋ ಸಾಲು) ಸೇರಿಸಿ ರೀಬೂಟ್ ಮಾಡಿ. ಎಲ್ಲಾ ಸರಿ ಇದ್ದೂ ಸೌಂಡೇ ಬರ್ಲಿಲ್ಲ ಅಂದ್ರೆ ಡ್ಯಾಕ್ ಬೋರ್ಡನ್ನ ತಿರುಗಿಸಿ ಹಿಂದೆ ಇರೋ ಸಣ್ಣ ಸಾಲ್ಡರ್ ಜಂಪರ್‌ಗಳನ್ನ (ಸಾಲ್ಡರ್ ಹಾಕಿ ಸೇರಿಸೋ ಚುಕ್ಕಿಗಳನ್ನ) ನೋಡಿ. ಅದ್ರಲ್ಲಿ ಎಕ್ಸ್‌ಎಸ್‌ಎಂಟಿ ಅನ್ನೋದು ಮ್ಯೂಟ್ ಪಿನ್ನು, ಅದು ಹೈ ಆಗಿಲ್ದಿದ್ರೆ, ಅಂದ್ರೆ ಅದಕ್ಕೆ ವೋಲ್ಟೇಜ್ ಸಿಗ್ದಿದ್ರೆ, ಚಿಪ್ ಬಾಯೇ ಬಿಡಲ್ಲ. ಎಸ್‌ಸಿಕೆ ಅನ್ನೋ ಕ್ಲಾಕ್ ಪಿನ್ ಗ್ರೌಂಡಿಗೆ ಸೇರಿರ್ಬೇಕು, ಆಗ ಚಿಪ್ ತನಗೆ ಬೇಕಾದ ಕ್ಲಾಕನ್ನ ಒಳಗೇ ಮಾಡ್ಕೊಳ್ಳುತ್ತೆ. ನಂಗೆ ಬಂದ ಬೋರ್ಡಲ್ಲಿ ಈ ಜಂಪರ್‌ಗಳಿಗೆ ಸಾಲ್ಡರೇ ಹಾಕಿರ್ಲಿಲ್ಲ, ಒಂದು ಚೀಟಿನೂ ಇರ್ಲಿಲ್ಲ, ಹೊಸಬರು ಇಲ್ಲೇ ಬೋರ್ಡ್ ಸತ್ತಿದೆ ಅಂದ್ಕೊಂಡು ಎಸೆದುಬಿಡ್ತಾರೆ.

ಸೌಂಡು? ಇಷ್ಟು ಚಿಕ್ಕ ಚಿಪ್ಪಿಂದ ಇಷ್ಟು ಕ್ಲೀನಾಗಿ ಬರೋದು ಖುಷಿ ಕೊಡುತ್ತೆ, ತಬಲಾದ ಪೆಟ್ಟು ಬಿದ್ಮೇಲೆ ಉಳಿಯೋ ನಾದ ಕೂಡ ಸ್ಪಷ್ಟವಾಗಿ ಕೇಳುತ್ತೆ. ಆದ್ರೆ ಪವರ್ ವಿಷ್ಯದಲ್ಲಿ ಜಿಪುಣತನ ಮಾಡ್ಬೇಡಿ. ಪೈಗೂ ಸ್ಪೀಕರ್ ಓಡಿಸೋ ಕ್ಲಾಸ್ ಡಿ ಆಂಪ್‌ಗೂ (ಆಂಪ್ಲಿಫೈಯರ್) ಒಂದೇ ಅಡಾಪ್ಟರ್ ಹಾಕಿದಾಗ ಸಣ್ಣಗೆ ಚೀ ಅನ್ನೋ ಸದ್ದು ಬರ್ತಿತ್ತು, ವೈಫೈಲಿ ಡೇಟಾ ಓಡಿದಾಗೆಲ್ಲಾ ಅದೂ ಏರ್ತಿತ್ತು, ಆಂಪ್‌ಗೆ ಬೇರೆ ಸಪ್ಲೈ ಕೊಟ್ಮೇಲೆ ಹೋಯ್ತು.

ಸಾಫ್ಟ್‌ವೇರ್‌ಗೆ ಪೈಕೋರ್‌ಪ್ಲೇಯರ್ ಹಾಕಿ, ಅದು ಪೂರ್ತಿ ರ‍್ಯಾಮಲ್ಲೇ ಓಡೋದ್ರಿಂದ ಕರೆಂಟ್ ಹೋದ್ರೂ ಎಸ್‌ಡಿ ಕಾರ್ಡ್ ಕೆಡೋ ಭಯ ಕಮ್ಮಿ. ನೋಡೋಕೆ ಚೆಂದ ಇರ್ಬೇಕು, ಸೆಟ್ಟಿಂಗ್ಸ್ ಜಾಸ್ತಿ ಬೇಕು ಅಂದ್ರೆ ಮೂಡ್ ಆಡಿಯೋ.

ಕೊರತೆನೂ ಇದೆ. ವೈಫೈ 2.4 ಗಿಗಾಹರ್ಟ್ಸ್ ಮಾತ್ರ, ಸುತ್ತಮುತ್ತ ರೌಟರ್‌ಗಳು ಜಾಸ್ತಿ ಇದ್ರೆ 192 ಕಿಲೋಹರ್ಟ್ಸ್‌ನ ದೊಡ್ಡ ಫೈಲ್ ತಡವರಿಸ್ಬಹುದು. ಡ್ಯಾಕ್‌ನಲ್ಲಿ ಹಾರ್ಡ್‌ವೇರ್ ವಾಲ್ಯೂಮ್ ಇಲ್ಲ. ಬರೋದು ಲೈನ್ ಔಟ್, ಅಂದ್ರೆ ಆಂಪ್‌ಗೆ ಕೊಡೋ ಸಿಗ್ನಲ್, ಅದಕ್ಕೆ ನೇರವಾಗಿ ಹೆಡ್‌ಫೋನ್ ಚುಚ್ಬೇಡಿ. ಸಿಡಿ ಹಾಡುಗಳಿಗೆ ಬೇಕಾದ 44.1 ಕಿಲೋಹರ್ಟ್ಸ್ ಕ್ಲಾಕನ್ನ ಪೈ ಸರಿಯಾಗಿ ಭಾಗಿಸೋಕಾಗ್ದೆ ಹೊಂದಿಸ್ಕೊಂಡು ಕೊಡುತ್ತೆ, ಹಾಗಾಗಿ ಒಳ್ಳೇ ಆಂಪು ಸ್ಪೀಕರ್ರು ಇರೋರು ತನ್ನದೇ ಎರಡು ಆಸಿಲೇಟರ್ (ಕ್ಲಾಕ್ ಕೊಡೋ ಭಾಗ) ಇರೋ ಡ್ಯಾಕ್ ಬೋರ್ಡ್ ತಗೊಳ್ಳಿ. ಮೇಜಿನ ಮೇಲಿನ ಸ್ಪೀಕರಲ್ಲಿ ನಂಗಂತೂ ವ್ಯತ್ಯಾಸ ಕೇಳ್ಸಿಲ್ಲ. ರೆಕಾರ್ಡಿಂಗು, ಗಿಟಾರ್ ಎಫೆಕ್ಟ್ ಅಂತೆಲ್ಲಾ ಪ್ಲಾನ್ ಇದ್ರೆ ಇದನ್ನ ತಗೋಬೇಡಿ, ಈ ಚಿಪ್ಪಿಗೆ ಇನ್‌ಪುಟ್ಟೇ ಇಲ್ಲ, ಅದಕ್ಕೆ ಸೌಂಡ್ ಒಳಗೆ ತಗೊಳ್ಳೋದು, ಹೊರಗೆ ಕೊಡೋದು ಎರಡೂ ಮಾಡೋ ಕೋಡೆಕ್ ಬೋರ್ಡೇ ಬೇಕು.