ಲಿಕ್ವಿಡ್ ಕೂಲರ್‌ಗೆ ನೀರು ತುಂಬಿಸಿ ಕೊಡುತ್ತೇವೆ ಅಂದರೆ ಒಪ್ಪಬೇಡಿ

ಗೇಮಿಂಗ್ ಪಿಸಿಗೆ ಲಿಕ್ವಿಡ್ ಕೂಲರ್ (ಪ್ರೊಸೆಸರ್‌ನ ಬಿಸಿಯನ್ನು ಪಂಪಿನಿಂದ ದ್ರವ ಹರಿಸಿ ರೇಡಿಯೇಟರ್‌ಗೆ ಒಯ್ದು, ಅಲ್ಲಿ ಫ್ಯಾನ್ ಊದಿ ತಣಿಸುವ ಸಾಧನ) ಹಾಕಿಸಿಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ಗ್ರಾಫಿಕ್ಸ್ ಕಾರ್ಡ್ ಹೋಗಿದೆ. ನಿಮ್ಮದು ಹೋಗಬಾರದು.

ನನ್ನ ಮನೆ ಸುರತ್ಕಲ್‌ನಲ್ಲಿ. ಏಪ್ರಿಲ್ ಸೆಕೆ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಹಾಗಾಗಿ ಪಿಸಿ ಬಿಸಿಯಾಗಲು ಶುರುವಾದಾಗ ಸೆಕೆಯಿಂದಲೇ ಇರಬೇಕು ಅಂದುಕೊಂಡು ಒಂದು ವಾರ ಸುಮ್ನೆ ಕಳೆದೆ. ನನ್ನದು ರೈಜನ್ 5800ಎಕ್ಸ್ ಪ್ರೊಸೆಸರ್. ಮೊದಲು ಗೇಮ್ ಆಡುವಾಗ 75 ಡಿಗ್ರಿ ಇರುತ್ತಿತ್ತು. ಈಗ ಗೇಮ್ ತೆರೆದು ಒಂದು ನಿಮಿಷ ಆಗುವುದರೊಳಗೆ 90. ಆ ಪ್ರೊಸೆಸರ್‌ಗೆ 90 ಅಂದರೆ ಕೊನೆಯ ಮಿತಿ. ಅಲ್ಲಿಗೆ ಮುಟ್ಟಿದರೆ ಅದು ತಾನಾಗಿ ವೇಗ ಇಳಿಸಿಕೊಳ್ಳುತ್ತದೆ. ಗೇಮ್ ತಡೆದು ತಡೆದು ಓಡುತ್ತಿತ್ತು. ಎರಡು ಸಲ ಪಿಸಿ ತಾನೇ ಆಫ್ ಆಯಿತು.

ಸೆಕೆಯಿಂದ ಇಷ್ಟೆಲ್ಲ ಆಗುವುದಿಲ್ಲ. ಕೋಣೆ 4 ಡಿಗ್ರಿ ಬಿಸಿಯಾದರೆ ಪ್ರೊಸೆಸರ್ ಕೂಡ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಕೊನೆಗೆ ಪಕ್ಕದ ಗಾಜು ತೆಗೆದು ಮೇಲಿನ ರೇಡಿಯೇಟರ್ ಮುಟ್ಟಿ ನೋಡಿದೆ. ಪರದೆಯಲ್ಲಿ 88 ಡಿಗ್ರಿ ತೋರಿಸುತ್ತಿದೆ, ರೇಡಿಯೇಟರ್ ತಣ್ಣಗಿದೆ! ಅಂದರೆ ಬಿಸಿ ಅಲ್ಲಿಗೆ ಹೋಗುತ್ತಲೇ ಇಲ್ಲ. ಬಯಾಸ್‌ಗೆ (ಪಿಸಿ ಆನ್ ಆಗುವಾಗ ತೆರೆಯಬಹುದಾದ ಸೆಟ್ಟಿಂಗ್ಸ್ ಪುಟ) ಹೋಗಿ ನೋಡಿದರೆ ಪಂಪಿನ ವೇಗ ನಿಮಿಷಕ್ಕೆ ಒಮ್ಮೆ 0 ಸುತ್ತು, ಒಮ್ಮೆ 900. ಮೊದಲು 2,500ರ ಹತ್ತಿರ ಇರುತ್ತಿತ್ತು. ಪಂಪ್ ಕೈಕೊಟ್ಟಿದೆ ಅಂತ ಅಲ್ಲಿಗೇ ಗೊತ್ತಾಯಿತು. ನಿಮಗೂ ಹೀಗಾದರೆ ಮೊದಲು ಈ ಎರಡನ್ನು ನೋಡಿ. ದುಡ್ಡು ಖರ್ಚಿಲ್ಲ, ಹತ್ತು ನಿಮಿಷದ ಕೆಲಸ. ಪಂಪಿನ ವೈರನ್ನು ಮಾಮೂಲಿ ಫ್ಯಾನ್ ಪಾಯಿಂಟ್‌ಗೆ ಹಾಕಿದ್ದರೂ ಅದು ನಿಧಾನಕ್ಕೆ ತಿರುಗಬಹುದು, ಬಯಾಸ್‌ನಲ್ಲಿ ಪೂರ್ತಿ ವೇಗಕ್ಕೆ ಇಟ್ಟು ನೋಡಿ.

ಕೂಲರ್‌ಗೆ ಇನ್ನೂ ಎರಡು ವರ್ಷ ವಾರಂಟಿ ಇತ್ತು. ಬಿಲ್ ಕೂಡ ಇತ್ತು. ಅದನ್ನು ಹಿಡಿದುಕೊಂಡೇ ಮಂಗಳೂರಿನ ಒಂದು ಅಂಗಡಿಗೆ ಹೋದೆ. "ವಾರಂಟಿಗೆ ಕಳಿಸಿದರೆ ಒಂದು ತಿಂಗಳು ಬೇಕು ಅಣ್ಣ. ಒಳಗೆ ನೀರು ಕಡಿಮೆಯಾಗಿದೆ ಅಷ್ಟೆ. 1,500 ಕೊಡಿ, ಸಂಜೆಗೆ ತುಂಬಿಸಿ ಕೊಡುತ್ತೇನೆ" ಎಂದ. ಪಿಸಿಯಲ್ಲಿ ನನ್ನ ಎಡಿಟಿಂಗ್ ಕೆಲಸವೂ ಇತ್ತು. ಒಪ್ಪಿಬಿಟ್ಟೆ.

ಅವನು ಹೇಳಿದ್ದು ಪೂರ್ತಿ ಸುಳ್ಳಲ್ಲ. ಈ ಕೂಲರ್‌ಗಳಲ್ಲಿ ರಬ್ಬರ್ ಪೈಪಿನ ಮೂಲಕ ದ್ರವ ವರ್ಷಗಟ್ಟಲೆ ಸ್ವಲ್ಪಸ್ವಲ್ಪವೇ ಆರುತ್ತದೆ. ಆದರೆ ಒಳಗಿರುವುದು ಬರೀ ನೀರಲ್ಲ. ಹೆಚ್ಚಿನವುಗಳಲ್ಲಿ ರೇಡಿಯೇಟರ್ ಅಲ್ಯೂಮಿನಿಯಂ, ಪ್ರೊಸೆಸರ್ ಮೇಲೆ ಕೂರುವ ತಟ್ಟೆ ತಾಮ್ರ. ಈ ಎರಡು ಲೋಹ ಒಂದೇ ನೀರಿನಲ್ಲಿ ಇದ್ದರೆ ಅಲ್ಯೂಮಿನಿಯಂ ಸವೆಯುತ್ತದೆ. ಅದನ್ನು ತಡೆಯಲು ಕಂಪನಿಯವರು ಗ್ಲೈಕಾಲ್ ಮತ್ತು ಬೇರೆ ರಾಸಾಯನಿಕ ಬೆರೆಸಿರುತ್ತಾರೆ. ನನ್ನದಕ್ಕೆ ಹಾಕಿದ್ದು ಕಾರಿನ ಬ್ಯಾಟರಿಗೆ ಹಾಕುವ ನೀರು. ಇದನ್ನು ನಾನು ಆಮೇಲೆ ಕೇಳಿ ತಿಳಿದುಕೊಂಡೆ.

ಎರಡು ವಾರ ಚೆನ್ನಾಗಿ ಓಡಿತು. ಮೂರನೇ ವಾರ ಒಳಗಿಂದ ಗುಳುಗುಳು ಸದ್ದು. ಒಂದು ರಾತ್ರಿ ನೋಡಿದರೆ ಗ್ರಾಫಿಕ್ಸ್ ಕಾರ್ಡಿನ ಬೆನ್ನ ಮೇಲೆ ಎರಡು ಹನಿ. ಫೋಟೊ ತೆಗೆದು ಅಂಗಡಿಯವನಿಗೆ ಕಳಿಸಿದೆ. "ಅದು ಸೆಕೆಯ ನೀರು ಅಣ್ಣ, ನಮ್ಮ ಊರಲ್ಲಿ ಹಾಗೇ. ಒರೆಸಿ ಆನ್ ಮಾಡಿ" ಎಂದ.

ಈ ಮಾತನ್ನು ಮಾತ್ರ ಯಾರೂ ನಂಬಬೇಡಿ. ಕರಾವಳಿಯಲ್ಲಿ ಇರುವವರಿಗೆ ಇದು ನಿಜ ಅನ್ನಿಸಿಬಿಡುತ್ತದೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಫ್ರಿಜ್‌ನಿಂದ ತೆಗೆದ ಬಾಟಲಿಯ ಹೊರಗೆ ನೀರು ಕೂರುತ್ತದೆ, ಯಾಕೆಂದರೆ ಅದು ಗಾಳಿಗಿಂತ ತುಂಬ ತಣ್ಣಗಿದೆ. ಓಡುತ್ತಿರುವ ಲಿಕ್ವಿಡ್ ಕೂಲರ್ ಕೋಣೆಯ ಗಾಳಿಗಿಂತ ಬಿಸಿಯಾಗಿಯೇ ಇರುತ್ತದೆ. ಫ್ಯಾನ್ ಊದಿ ಅದನ್ನು ಕೋಣೆಗಿಂತ ತಣ್ಣಗೆ ಮಾಡಲು ಆಗುವುದೇ ಇಲ್ಲ. ಹಾಗಿರುವಾಗ ಅದರ ಮೇಲೆ ಗಾಳಿಯ ನೀರು ಕೂರುವುದು ಹೇಗೆ? ಪಿಸಿಯೊಳಗೆ ಹನಿ ಕಂಡರೆ ಅದು ಲೀಕೇ. ನಾನು ಮುಟ್ಟಿದ ಹನಿ ಬೆರಳಿಗೆ ಅಂಟಂಟಾಗಿತ್ತು, ಹಳೆಯ ಗ್ಲೈಕಾಲ್ ಸ್ವಲ್ಪ ಉಳಿದಿತ್ತಲ್ಲ. ಬೀಳುತ್ತಿದ್ದದ್ದೂ ಒಂದೇ ಜಾಗದಲ್ಲಿ, ನೀರು ತುಂಬಿಸಲು ಬಿಚ್ಚಿದ ಸ್ಕ್ರೂವಿನ ನೇರ ಕೆಳಗೆ. ಅದರ ರಬ್ಬರ್ ವಾಷರ್ ಸರಿಯಾಗಿ ಕೂತಿರಲಿಲ್ಲ.

ಆದರೆ ಅವತ್ತು ರಾತ್ರಿ ನಾನು ಇಷ್ಟೆಲ್ಲ ಯೋಚಿಸಲಿಲ್ಲ. ಒರೆಸಿ ಆನ್ ಮಾಡಿದೆ. ಬೆಳಗ್ಗೆ ರೆಂಡರ್ ಓಡುತ್ತಿದ್ದಾಗ ಪರದೆ ಕಪ್ಪಾಯಿತು. ಕಾರ್ಡ್ ಮತ್ತೆ ಏಳಲಿಲ್ಲ. ಹನಿ ಕಂಡ ತಕ್ಷಣ ಗೋಡೆಯ ಸ್ವಿಚ್ ಆಫ್ ಮಾಡಿ, ಕಾರ್ಡ್ ಬಿಚ್ಚಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ಪೂರ್ತಿ ಒಣಗಿಸಬೇಕಿತ್ತು. ಲೀಕ್ ಆಗುವ ಕೂಲರ್ ತೆಗೆಯದೆ ಆನ್ ಮಾಡಲೇಬಾರದಿತ್ತು.

ಕೂಲರ್ ಕಂಪನಿಗೆ ಬರೆದೆ. ಸ್ಕ್ರೂ ಬಿಚ್ಚಿದ ಗುರುತಿದೆ, ವಾರಂಟಿ ಇಲ್ಲ ಎಂದರು. ಇದರಲ್ಲಿ ಅವರ ತಪ್ಪು ನನಗೆ ಕಾಣುವುದಿಲ್ಲ. ಒಂದು ವಿಷಯ ಮಾತ್ರ ತಿಳಿದುಕೊಂಡಿರಿ: ಮುಟ್ಟದ ಕೂಲರ್ ತಾನಾಗಿ ಲೀಕ್ ಆಗಿ ಬೇರೆ ಭಾಗ ಹಾಳಾದರೆ, ಅದಕ್ಕೂ ಪರಿಹಾರ ಕೊಡುವ ಕಂಪನಿಗಳಿವೆ. ಆ ದಾರಿಯನ್ನು ನಾನು 1,500 ರೂಪಾಯಿ ಕೊಟ್ಟು ಮುಚ್ಚಿಸಿಕೊಂಡಿದ್ದೆ.

ಈಗ ಎರಡು ಫ್ಯಾನಿನ ಏರ್ ಕೂಲರ್ ಹಾಕಿದ್ದೇನೆ. ಇದೇ ಸೆಕೆಯಲ್ಲಿ 79 ಡಿಗ್ರಿ ದಾಟುತ್ತಿಲ್ಲ. ಅಂಗಡಿಗೆ ಮೂರು ಸಲ ಹೋದ ಮೇಲೆ 1,500 ವಾಪಸ್ ಸಿಕ್ಕಿತು. ಕಾರ್ಡಿನ ಮಾತೆತ್ತಿದರೆ, "ಅದಕ್ಕೂ ನಮಗೂ ಸಂಬಂಧ ಇಲ್ಲ ಅಣ್ಣ" ಅನ್ನುತ್ತಾನೆ.