ಋಷಿ ವ್ಯಾಲಿ ಶಾಲೆ: ನೀರು, ಗುಡ್ಡ, ಹಕ್ಕಿಗಳ ನಡುವೆ ನಡೆಯುವ ಪರಿಸರ ಶಿಕ್ಷಣ

ವಸತಿ ಶಾಲೆಯೊಂದರ ಪರಿಸರ ಶಿಕ್ಷಣವನ್ನು ಅಳೆಯಬೇಕಾದಾಗ ನಾನು ಮೊದಲು ವಿಚಾರಿಸುವುದು ಅಲ್ಲಿಗೆ ನೀರು ಎಲ್ಲಿಂದ ಬರುತ್ತದೆ ಎಂಬುದನ್ನು. ಮನೆಯಿಂದ ಓಡಾಡುವ ಮಗು ಸಂಜೆ ಮನೆ ಸೇರುತ್ತದೆ. ಅದು ಕುಡಿಯುವ ನೀರು, ಉಣ್ಣುವ ಅನ್ನ, ಎಸೆಯುವ ಕಸ ಇವುಗಳಲ್ಲಿ ಹೆಚ್ಚಿನ ಪಾಲು ಶಾಲೆಯ ಲೆಕ್ಕಕ್ಕೇ ಸಿಗುವುದಿಲ್ಲ. ವಸತಿ ಶಾಲೆಯ ಮಗು ಮಾತ್ರ ವರ್ಷದ ಒಂಬತ್ತು ತಿಂಗಳು ಒಂದೇ ನೆಲದ ನೀರು ಕುಡಿದು, ತಾನು ಮಿಂದ ನೀರನ್ನು ಅದೇ ನೆಲಕ್ಕೆ ಬಿಟ್ಟು ಬದುಕುತ್ತದೆ. ಹೀಗಿರುವಾಗ ಪರಿಸರವನ್ನು ಕಲಿಸಲು ವಸತಿ ಶಾಲೆಗಿಂತ ತಕ್ಕ ಜಾಗ ಇನ್ನೊಂದಿಲ್ಲ. ಆ ಅವಕಾಶವನ್ನು ಕೈಬಿಟ್ಟ ಶಾಲೆಗಳನ್ನು ಕಂಡಾಗ ನನಗೆ ನಿಜವಾಗಿ ನೋವಾಗುತ್ತದೆ.

ನನ್ನ ಅಣ್ಣನ ಮಗ ಓದಿದ ಒಂದು ವಸತಿ ಶಾಲೆಯಲ್ಲಿ ಬೇಸಿಗೆ ಬಂತೆಂದರೆ ಕೊಳವೆಬಾವಿ ಬತ್ತುತ್ತಿತ್ತು, ಮಕ್ಕಳು ಮಲಗಿದ ಮೇಲೆ ಟ್ಯಾಂಕರುಗಳು ಬಂದು ತೊಟ್ಟಿ ತುಂಬಿಸಿ ಹೋಗುತ್ತಿದ್ದವು. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಎಂದಿನಂತೆ ನೀರು. ಅದು ಯಾವ ಊರಿನ ಯಾರ ಬಾವಿಯ ನೀರೆಂದು ಮಕ್ಕಳಿಗೆ ಯಾರೂ ಹೇಳಲಿಲ್ಲ. ಆ ಹುಡುಗ ಪರಿಸರ ವಿಷಯದಲ್ಲಿ ಪೂರ್ಣ ಅಂಕ ತಂದಿದ್ದ. ಮಗಳಿಗಾಗಿ ಶಾಲೆ ಹುಡುಕುವಾಗ ಈ ನೆನಪು ನನ್ನನ್ನು ಬಿಡಲಿಲ್ಲ. ಆಂಧ್ರಪ್ರದೇಶದ ಮದನಪಲ್ಲೆಯ ಬಳಿಯಿರುವ ಋಷಿ ವ್ಯಾಲಿಯನ್ನು ನಾನು ನೋಡಿದ್ದೂ ಇದೇ ಕಣ್ಣಿನಿಂದ.

ಬೆಂಗಳೂರಿನಿಂದ ಹೊಸಕೋಟೆ, ಚಿಂತಾಮಣಿ ದಾಟಿ ಹೋದರೆ ಶಾಲೆಗೆ ಸುಮಾರು ನೂರನಲವತ್ತು ಕಿಲೋಮೀಟರು. ರಾಜ್ಯದ ಗಡಿ ದಾಟಿದರೂ ನೆಲದ ಚಹರೆ ಬದಲಾಗುವುದಿಲ್ಲ: ಕೋಲಾರ, ಚಿಂತಾಮಣಿಯ ಕಡೆಯವರಿಗೆ ಚೆನ್ನಾಗಿ ಗೊತ್ತಿರುವ ಅವೇ ಹೆಬ್ಬಂಡೆಗಳು, ಅವೇ ಕುರುಚಲು ಗುಡ್ಡಗಳು, ಅವೇ ಬರಿದಾದ ಕೆರೆಗಳು. ರಾಯಲಸೀಮೆಯ ಈ ಭಾಗ ಬರಕ್ಕೆ ಹೆಸರಾದದ್ದು. 1895ರಲ್ಲಿ ಮದನಪಲ್ಲೆಯಲ್ಲಿ ಹುಟ್ಟಿದ ತತ್ತ್ವಚಿಂತಕ ಜೆ. ಕೃಷ್ಣಮೂರ್ತಿಯವರು 1926ರ ಸುಮಾರಿಗೆ ದೊಡ್ಡ ಆಲದ ಮರವಿದ್ದ ಈ ಕಣಿವೆಯನ್ನು ಶಾಲೆಗೆಂದು ಆರಿಸಿಕೊಂಡರು. ಋಷಿಕೊಂಡ ಎಂಬ ಬೆಟ್ಟದ ಹೆಸರೇ ಕಣಿವೆಗೂ ಶಾಲೆಗೂ ಬಂತು. ಇಂದು ಇಲ್ಲಿ ನಾಲ್ಕರಿಂದ ಹನ್ನೆರಡನೆಯ ತರಗತಿಯವರೆಗೆ ಮಕ್ಕಳು ಓದುತ್ತಾರೆ. ಊಟ ಸಸ್ಯಾಹಾರಿ. ಬಹುಮಾನ, ರ‍್ಯಾಂಕುಗಳ ಪೈಪೋಟಿಗೆ ಇಲ್ಲಿ ಜಾಗವಿಲ್ಲ.

ಇಲ್ಲಿನ ನಿಜವಾದ ಪಠ್ಯಪುಸ್ತಕ ಗುಡ್ಡಗಳ ಇಳಿಜಾರು. ಸೌದೆಗೂ ಮೇವಿಗೂ ಸವೆದು ಬೋಳಾಗಿದ್ದ ಗುಡ್ಡಗಳಲ್ಲಿ ಕಡಿಯುವುದನ್ನೂ ಮೇಯಿಸುವುದನ್ನೂ ತಡೆದು, ಸಸಿ ನೆಟ್ಟು, ಇಳಿಜಾರಿಗೆ ಅಡ್ಡಲಾಗಿ ಒಡ್ಡು ಹಾಕಿ, ಹಳ್ಳಗಳಿಗೆ ಚೆಕ್ ಡ್ಯಾಂ ಕಟ್ಟಿ, ಇಂಗುಕೆರೆ ತೋಡಿ, ಮಳೆನೀರು ಹರಿದು ಹೋಗದೆ ನೆಲಕ್ಕೆ ಇಳಿಯುವಂತೆ ಮಾಡುವ ಕೆಲಸ ದಶಕಗಳಿಂದ ನಡೆದು ಬಂದಿದೆ. ಕುರುಚಲು ಕಾಡಿನ ಸ್ವಭಾವವನ್ನು ಬಲ್ಲವರಿಗೆ ಇದರ ಗುಟ್ಟು ಅರ್ಥವಾದೀತು: ಆಡು ಬಾಯಿ ಹಾಕದಂತೆ ಕೆಲವು ವರ್ಷ ಕಾದರೆ ಕಲ್ಲುಸಂದಿಯಲ್ಲಿ ಉಳಿದಿರುವ ಹಳೆಯ ಬೇರುಗಳೇ ಮೊದಲು ಚಿಗುರುತ್ತವೆ, ಆಮೇಲೆ ಹಕ್ಕಿಗಳು ಬೀಜ ತರುತ್ತವೆ. ಗಿಡ ನೆಡುವ ದಿನದ ಛಾಯಾಚಿತ್ರದಲ್ಲಿ ಈ ಕಾಯುವಿಕೆ ಕಾಣುವುದಿಲ್ಲ. ಆದರೆ ನಾಲ್ಕನೆಯ ತರಗತಿಗೆ ಬಂದು ಹನ್ನೆರಡನ್ನು ಮುಗಿಸಿ ಹೋಗುವ ಮಗುವಿಗೆ ಒಂದು ಇಳಿಜಾರು ಹೇಗೆ ತುಂಬಿಕೊಳ್ಳುತ್ತದೆ ಎಂಬುದನ್ನು ಒಂಬತ್ತು ಮಳೆಗಾಲ ನೋಡುವ ಭಾಗ್ಯವಿದೆ, ಮತ್ತು ಅಷ್ಟು ನಿಧಾನವಾಗಿ ನೋಡಿದ್ದನ್ನು ಅದು ಮರೆಯಲಾರದು ಎಂದು ನಾನು ನಂಬುತ್ತೇನೆ.

1991ರಲ್ಲಿ ಈ ಕಣಿವೆಯನ್ನು ಪಕ್ಷಿಗಳ ವಿಶೇಷ ರಕ್ಷಿತ ತಾಣವೆಂದು ಘೋಷಿಸಲಾಯಿತು. ಅದೇ ವರ್ಷದ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ವಕೀಲ ಎಂ.ಸಿ. ಮೆಹ್ತಾ ಹೂಡಿದ ಪ್ರಕರಣದಲ್ಲಿ ಪರಿಸರವನ್ನು ಶಾಲೆ ಕಾಲೇಜುಗಳಲ್ಲಿ ಕಡ್ಡಾಯವಾಗಿ ಕಲಿಸಬೇಕೆಂದು ಹೇಳಿದ್ದನ್ನು ಇಲ್ಲಿ ನೆನೆಯದೆ ಇರಲಾರೆ. ಆ ಆದೇಶದಿಂದ ದೇಶದ ಬಹುಪಾಲು ಮಕ್ಕಳಿಗೆ ಸಿಕ್ಕಿದ್ದು ಇನ್ನೊಂದು ಪುಸ್ತಕ ಮತ್ತು ಇನ್ನೊಂದು ಪರೀಕ್ಷೆ. ಇಲ್ಲಿನ ಮಕ್ಕಳಿಗೆ ಇನ್ನೂರಕ್ಕೂ ಹೆಚ್ಚು ಬಗೆಯ ಹಕ್ಕಿಗಳು ದಾಖಲಾಗಿರುವ ಕಣಿವೆಯೇ ಇದೆ. ಅವುಗಳಲ್ಲಿ ಹಳದಿ ಗಂಟಲಿನ ಪಿಕಳಾರ ಮುಖ್ಯವಾದುದು: ದಕ್ಷಿಣ ಭಾರತದ ಬಂಡೆಗುಡ್ಡಗಳ ಕುರುಚಲು ಕಾಡನ್ನು ಬಿಟ್ಟು ಜಗತ್ತಿನ ಬೇರೆಲ್ಲೂ ಇಲ್ಲದ, ಅಪಾಯದಲ್ಲಿರುವ ಹಕ್ಕಿ. ನಮ್ಮ ನಂದಿಬೆಟ್ಟದಲ್ಲೂ ಇದು ಇದೆ ಎಂಬುದು ಬೆಂಗಳೂರಿನ ಎಷ್ಟು ಮಕ್ಕಳಿಗೆ ಗೊತ್ತಿದೆಯೋ! ಶಾಲೆಯ ಆವರಣದಲ್ಲಿರುವ ಪಕ್ಷಿ ಅಧ್ಯಯನ ಮತ್ತು ನಿಸರ್ಗ ಚರಿತ್ರೆಯ ಸಂಸ್ಥೆಯು ಹೊರಗಿನ ಆಸಕ್ತರಿಗೂ ಮನೆಯಲ್ಲೇ ಕುಳಿತು ಕಲಿಯುವ ಪಕ್ಷಿಶಾಸ್ತ್ರದ ಪಾಠಕ್ರಮವನ್ನು ನಡೆಸಿಕೊಂಡು ಬಂದಿದೆ.

ಸಂಜೆಯ ಅಸ್ತಾಚಲದ ಬಗ್ಗೆ ಎರಡು ಮಾತು ಹೇಳಲೇಬೇಕು. ಮಕ್ಕಳು ಬಯಲಿನಲ್ಲಿ ಕುಳಿತು ಸೂರ್ಯ ಮುಳುಗುವುದನ್ನು ಮೌನವಾಗಿ ನೋಡುತ್ತಾರೆ. ಭಾಷಣ, ಭಜನೆ, ಹಾಜರಿ ಯಾವುದೂ ಇಲ್ಲ. ಮೊದಲು ನನಗೆ ಇದು ಧ್ಯಾನದ ಪಾಠವೆನಿಸಿತ್ತು. ಮಡಿವಾಳ ಹಕ್ಕಿಯ ಕೊನೆಯ ಸಿಳ್ಳು, ಪೊದೆಯೊಳಗಿನಿಂದ ಬರುವ ಕೆಂಬೂತದ ಗೂಕು ಬೇರೆಬೇರೆಯಾಗಿ ಕಿವಿಗೆ ಬೀಳತೊಡಗಿದಾಗ, ನೋಡುವ ಮತ್ತು ಕೇಳುವ ಅಭ್ಯಾಸಕ್ಕೂ ಇದೇ ಮೊದಲ ತರಗತಿ ಎಂದು ತಿಳಿಯಿತು.

ಇಷ್ಟಕ್ಕೇ ನಿಂತಿದ್ದರೆ ಇದು ಬೇಲಿಯೊಳಗಿನ ಹಸಿರಾಗಿ ಉಳಿಯುತ್ತಿತ್ತು. ನನ್ನ ದೃಷ್ಟಿಯಲ್ಲಿ ಈ ಸಂಸ್ಥೆಯ ಅತ್ಯಂತ ಬೆಲೆಬಾಳುವ ಭಾಗ ಅದರ ಗ್ರಾಮೀಣ ಶಿಕ್ಷಣ ಕೇಂದ್ರ. ಸುತ್ತಲ ಹಳ್ಳಿಗಳಲ್ಲಿ ಚಿಕ್ಕ ಶಾಲೆಗಳನ್ನು ತೆರೆದು, ಬೇರೆಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ ತಮ್ಮ ತಮ್ಮ ವೇಗದಲ್ಲಿ ಕಾರ್ಡುಗಳನ್ನು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಕಲಿಯುವ ಕ್ರಮವನ್ನು ಈ ಕೇಂದ್ರ ರೂಪಿಸಿತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಿಕ್ಷಕರು ಇಲ್ಲಿಗೆ ಬಂದು ಇದನ್ನು ನೋಡಿ, ಯುನಿಸೆಫ್ ನೆರವಿನಿಂದ ಕನ್ನಡಕ್ಕೆ ತಕ್ಕಂತೆ ಬೆಳೆಸಿದ್ದೇ ‘ನಲಿ-ಕಲಿ’. 2009–10ರಿಂದ ಅದು ರಾಜ್ಯದ ಸರ್ಕಾರಿ ಶಾಲೆಗಳ ಆರಂಭದ ತರಗತಿಗಳನ್ನು ತಲುಪಿತು. ಕಲಿಕಾ ಏಣಿ, ಮೈಲಿಗಲ್ಲು ಎಂದು ನಮ್ಮ ಮೇಷ್ಟ್ರುಗಳು ಇಂದು ಸಲೀಸಾಗಿ ಆಡುವ ಮಾತುಗಳ ಹಿಂದೆ ಈ ಬರದ ಕಣಿವೆಯಿದೆ. ಅಕ್ಕಪಕ್ಕದ ಹಳ್ಳಿಯ ಮಗು ಓದದೆ ಉಳಿದರೆ ಗುಡ್ಡವನ್ನು ಎಷ್ಟು ದಿನ ಕಾಯಬಹುದು?

ಕೊರತೆಗಳೂ ಇವೆ. ಶುಲ್ಕ ಎಲ್ಲ ಮನೆಗಳಿಗೆ ಎಟುಕುವಂಥದ್ದಲ್ಲ, ಸೀಟುಗಳು ಕಡಿಮೆ, ಪ್ರವೇಶಕ್ಕೆ ಬೇಗ ಅರ್ಜಿ ಹಾಕಬೇಕು. ಅದಕ್ಕಿಂತ ಮುಖ್ಯವಾದ ಪ್ರಶ್ನೆ ಗುಡ್ಡಕ್ಕೆ ಸಂಬಂಧಿಸಿದ್ದು. ಮೇಯಿಸುವುದನ್ನು ತಡೆದಾಗ ಆಡು ಸಾಕಿ ಬದುಕುವವರ ಹಿಂಡು ಬೇರೊಂದು ಇಳಿಜಾರಿಗೆ ಹೋಗಲೇಬೇಕು. ಸಂರಕ್ಷಣೆಯ ಈ ಬೆಲೆಯನ್ನು ಯಾರು ತೆರುತ್ತಾರೆ ಎಂಬುದನ್ನು ಮೇಲಿನ ತರಗತಿಯ ಮಕ್ಕಳು ಕುರಿಗಾಹಿಗಳ ಬಾಯಿಂದಲೇ ಕೇಳಿ ತಿಳಿಯುವುದು ಹಕ್ಕಿಗಳ ಪಟ್ಟಿಯಷ್ಟೇ ಅಗತ್ಯವೆಂದು ನನಗೆ ಅನ್ನಿಸುತ್ತದೆ. ಇನ್ನು, ಅಂಕಗಳ ಓಟವನ್ನೇ ಬಯಸುವ ತಂದೆತಾಯಿಗಳು ಇಲ್ಲಿ ಅಸಮಾಧಾನಪಡುವುದು ಖಂಡಿತ.

ನೋಡಲು ಹೋಗುವವರು ಮೊದಲೇ ಪತ್ರ ಬರೆದು ಅನುಮತಿ ಪಡೆದು ಹೋಗಿ. ಸಾಧ್ಯವಾದರೆ ಎಲ್ಲವೂ ಹಸಿರಾಗಿ ಕಾಣುವ ಮಳೆಗಾಲವನ್ನು ಬಿಟ್ಟು ಫೆಬ್ರವರಿ ಅಥವಾ ಮಾರ್ಚಿನಲ್ಲಿ ಹೋಗಿ, ನೆಲ ಒಣಗಿದಾಗ ಬೇಲಿಯ ಒಳಗಿನ ಇಳಿಜಾರನ್ನೂ ಹೊರಗಿನದನ್ನೂ ಒಟ್ಟಿಗೆ ನೋಡಿ. ನಿಮ್ಮ ಮಗುವನ್ನು ಕರೆದೊಯ್ದಿದ್ದರೆ ಅಲ್ಲಿಯ ಮಗುವೊಂದಿಗೆ ಒಂದು ಗಳಿಗೆ ನಡೆದಾಡಲು ಬಿಡಿ. ಕುಡಿಯುವ ನೀರು ಎಲ್ಲಿಯದು ಎಂಬ ಪ್ರಶ್ನೆಯನ್ನು ಅವರವರೇ ಕೇಳಿಕೊಳ್ಳಲಿ.